ಅರ್ಧ ತಾಸಿನ ನೀರು

ರಂಗಯ್ಯನದುರ್ಗದ ಗುಡ್ಡದ ಹಿಂದೆ
ಗಂಗಾಳದಂಥ ಒಂದು ಸಿಮೆಂಟು ತೊಟ್ಟಿ.
ಯಾರದಿದು ಎಂದರೆ
ವಾಚರ್ ಆದ ನನಗೂ ತಡವರಿಕೆ.

ಜಾಗ ಇಲಾಖೆಯದು.
ನೀರು ಚಿಕ್ಕೋಬಮ್ಮನ ಬೋರಿನದು:
ತ್ರೀಫೇಸ್ ಕರೆಂಟು ಬರುವ ರಾತ್ರಿ ಎರಡಕ್ಕೆ
ಈರುಳ್ಳಿ ಮಡಿ ಕುಡಿದು ಬಿಟ್ಟ ಅರ್ಧ ತಾಸು.
ಪೈಪಿನ ಬೆಸುಗೆ ಜಗಳೂರಿನ ದಾದಾಪೀರನದು.
ದುಡ್ಡು ಕೊಡಹೋದರೆ "ಕುಡಿಯೋ ನೀರಿಗಾ?" ಎಂದು ಕೈ ಕೊಡವಿದ,
ತಿಂಗಳಾದ ಮೇಲೆ ವಾಲ್ವಿನ ಬಿಲ್ಲು ಕಳಿಸಿದ.

ಕಾಟಜ್ಜ ಕೊಟ್ಟದ್ದೇನೂ ಇಲ್ಲ,
ತರದೆ ಉಳಿದದ್ದು:
ನೂರಿಪ್ಪತ್ತು ಕುರಿ, ಎರಡು ನಾಯಿ,
ಮಾಘದಿಂದ ಯುಗಾದಿವರೆಗೆ,
ಕೊಂಡುಕುರಿ ಈಯುವ ಕಾಲ.
ಬದಲಿಗೆ ಕೆಳಗಿನ ಬಯಲ ಹುಲ್ಲು ಅವನಿಗೆ.
ನಾಲ್ಕು ಮೀಟಿಂಗು, ಎರಡು ಜಗಳ, ಕಿತ್ತ ಬೇಲಿ ಒಂದು.
ಕಾಗದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ ಅಜ್ಜ.
"ಮಾತಾಡೀನಲ್ಲ."

ಕ್ಯಾಮೆರಾ ಕಟ್ಟಲು ಬಂದ ಶರ್ವಾಣಿಗೆ
ಮರ ತೋರಿದವನೂ ಅವನೇ.
"ದಿನಾ ಒಂದೇ ಕಡೆ ಹಿಕ್ಕೆ ಹಾಕ್ತೈತೆ,
ನಮ್ಮ ಹುಡುಗ್ರಿಗಿಂತ ವಾಸಿ."
ಅವಳು ನಗುತ್ತಲೇ ಬರೆದುಕೊಂಡಳು.

ನಿನ್ನೆ ಬಂತು ಚಿತ್ರ. ಎರಡೂ ಇಪ್ಪತ್ತು.
ಕೊಂಬಿಲ್ಲದ ತಾಯಿ, ಕಿವಿ ನಿಮಿರಿಸಿ;
ಅದರ ಹೊಟ್ಟೆಯಡಿ ಕಡ್ಡಿಗಾಲಿನ ಮರಿ,
ಮೂತಿ ನೀರಿಗೆ ಇನ್ನೂ ತಾಗಿಲ್ಲ.
ಹಿಂದೆ, ಬಲು ದೂರ, ಬೆಳಕಿನ ಒಂದು ಚುಕ್ಕೆ.
"ಅಯ್ಯೋ, ನನ್ನ ಬ್ಯಾಟ್ರಿ ಅದು!" ಚಿಕ್ಕೋಬಮ್ಮ
ಮನೆಮನೆಗೆ ತೋರಿಸಿ ಬಂದಳು.

ನಾಳೆ ಯುಗಾದಿ, ಗಡುವು ಮುಗಿಯಿತು.
ಕಾಟಜ್ಜ ನನ್ನ ಫೋನು ಕಣ್ಣಿಗೆ ಹತ್ತಿರ ಹಿಡಿದು
ಮಾರುವವನ ಮರಿ ನೋಡುವಂತೆ ನೋಡಿ
ಗದರಿದ:
"ಬಡಕಲು ಐತೆ.
ಇನ್ನೊಂದು ವಾರ ಆ ಕಡೆ ಕುರಿ ಹೊಡೆಯಲ್ಲ, ಹೋಗು."