ಮನಿಲಾ ಹಗ್ಗ

ಹಡಗಿಂದ ಇಳಿಯುವಾಗ ಸೆಂಟು, ಸಾಬೂನು,
ಟೇಪ್ ರೆಕಾರ್ಡರು ತಂದವರುಂಟು.
ನಾನು ತಂದದ್ದು ಐದು ಮಾರು ಹಗ್ಗ.
ಹೊಸಬೆಟ್ಟಿನ ಕಡಪ್ಪುರ ವಾರವಿಡೀ ನಕ್ಕಿತು:
ಕತ್ತ ಹೊಸೆಯುವ ಮನೆಗೆ
ಹಗ್ಗ ಹೊತ್ತು ಬಂದ ಬೋಸನ್!

ಅಮ್ಮ ಶಿರಿಯ ಹೊಳೆಯಲ್ಲಿ ಕೊಳೆಸಿದ ಸಿಪ್ಪೆ ಬಡಿದು ಬಡಿದು
ಅಂಗೈಯ ಗೆರೆ ಸವೆಸಿಕೊಂಡವಳು.
ಕೈ ನೋಡುವವನು ಬಂದರೆ
"ನಿನಗೆ ಓದಲು ಏನೂ ಉಳಿದಿಲ್ಲ ಮಾರಾಯ" ಅನ್ನುವಳು.
ಅವಳೊಬ್ಬಳು ನಗಲಿಲ್ಲ.
ಮೂಸಿದಳು, ಎಳೆ ಬಿಚ್ಚಿ ಹಲ್ಲಲ್ಲಿ ಕಚ್ಚಿದಳು,
ಇದು ತೆಂಗಲ್ಲ. ಯಾರ ಕೈಯದು?

ನೆಮೆಸಿಯೊನ ಊರಿನದು, ಅಮ್ಮ.
ಬಾಳೆಯಂಥದ್ದೇ ಗಿಡ, ಹಣ್ಣು ತಿನ್ನಲಿಕ್ಕಾಗದು.
ದಿಂಡು ಸೀಳಿ, ಚೂರಿಯಡಿ ನಾರೆಳೆಯುವುದು.
ಬೆಂಕಿಬೆಟ್ಟದ ಬುಡದಲ್ಲಿ ಅವನಜ್ಜ
ಎಳೆದೆಳೆದೇ ಬಾಗಿ ಹೋದ.
ತೂಕದ ಕಲ್ಲು ಮಾತ್ರ ಪರವೂರಿನದು.

ರಾತ್ರಿ ಪಾಳಿಯಲ್ಲಿ ಹೇಳುತ್ತಿದ್ದ:
ಮುನ್ನೂರು ವರ್ಷ ಸ್ಪೇನಿನವರು.
ಮೆಕ್ಸಿಕೋದ ಬೆಳ್ಳಿ ಹೊತ್ತು ವರ್ಷಕ್ಕೊಂದು ಹಡಗು.
ಅದಕ್ಕೆ ಮರ ಕಡಿದದ್ದು ನಮ್ಮವರು, ಬಿಟ್ಟಿ;
ಬೆಳ್ಳಿ ನಮ್ಮ ಬಂದರಲ್ಲಿ
ಬೀಡಿ ಸೇದುವಷ್ಟು ಹೊತ್ತು ನಿಂತು
ರೇಷ್ಮೆ ಕೊಳ್ಳಲು ಚೀನಾಕ್ಕೆ ಹೋಯಿತು.

ಆಮೇಲೊಬ್ಬ ಗವರ್ನರು.
ಕಂದಾಯದ ಲೆಕ್ಕ ತಪ್ಪುತ್ತದೆಂದು
ಹೆಸರುಗಳದ್ದೇ ಒಂದು ಪುಸ್ತಕ ಮಾಡಿಸಿ
ಊರೂರಿಗೆ ಹಾಳೆ ಹರಿದು ಹಂಚಿದನಂತೆ.
ಇವನೂರಿಗೆ ಸಿಕ್ಕಿದ್ದು ರಕಾರ.
ರೊಪೆರೊಸ್, ರೆಬಾನಾಲ್, ರಿಕಾಫೋರ್ಟ್.
ಹೆಣ್ಣು ಕೊಟ್ಟ ಮನೆಯೂ ರ, ತಂದ ಮನೆಯೂ ರ,
ಹಾಜರಿ ಕರೆಯುವ ಮಾಸ್ತರನೂ ರ.

ನಾನು ನಕ್ಕೆ. ನಕ್ಕು,
ಗ್ರೀಸಿನ ಬೆರಳಲ್ಲಿ ಡೆಕ್ಕಿನ ಮೇಲೆ ಬರೆದು ತೋರಿಸಿದೆ:
ಅಪ್ಪನ ದಸ್ತಾವೇಜಿನಲ್ಲಿ ಮಂಜೇಶ್ವರ,
ನನ್ನ ಕಾರ್ಡಿನಲ್ಲಿ ಮಂಜೇಶ್ವರಂ.
ನೋಡು, ತುದಿಗೊಂದು ಸೊನ್ನೆ.
ಸಂಬಳಕ್ಕೆ ಬಿದ್ದಿದ್ದರೆ ಹತ್ತು ಪಾಲಾಗುತ್ತಿತ್ತು,
ಊರಿಗೆ ಬಿದ್ದಿದೆ.
ಅವನು ಆ ಸೊನ್ನೆಯನ್ನು
ಬೂಟಿನ ತುದಿಯಿಂದ ಒರಸಿದ, ತಮಾಷೆಗೆ.

ಅವರ ಮಾತಲ್ಲಿ ಮುಖಕ್ಕೆ ಮುಖ. ಆಸೆಗೆ ಆಸ.
ಯಾವ ಕಾಲದ ಯಾವ ಹಾಯಿ ಇಳಿಸಿ ಹೋದ ಸಾಮಾನೋ.
ದುಃಖ ಉಂಟೋ ನಿಮ್ಮಲ್ಲಿ, ಕೇಳಿದೆ.
ಉಂಟು. ಹಾಗೆಂದರೆ ಕೈಯಲ್ಲಿ ಕಾಸಿಲ್ಲದಿರುವುದು.
ಅಷ್ಟೆಯೋ? ಇನ್ನೊಂದಕ್ಕೆ?
ಇನ್ನೊಂದಕ್ಕೆ ಬೇರೆ ಪದ ಉಂಟು, ತಡಿ, ನಾಳೆ ಹೇಳುತ್ತೇನೆ.
ಗಂಟೆ ಬಾರಿಸಿತು, ಪಾಳಿ ಮುಗಿಯಿತು.

ನೈಲಾನು ಬಂದ ಮೇಲೆ ನಾರಿಗೆ ಬೆಲೆಯಿಲ್ಲ.
ನಾರೆಳೆದವನ ಮೊಮ್ಮಕ್ಕಳು ತಾವೇ ಹಡಗು ಹತ್ತಿದರು.
ಅವನ ತಂಗಿಯರಲ್ಲಿ ಒಬ್ಬಳು ದಮ್ಮಾಮಿನಲ್ಲಿ ದಾದಿ,
ಒಬ್ಬಳು ಹಾಂಕಾಂಗಿನಲ್ಲಿ ಯಾರದೋ ಮಗು ಆಡಿಸುತ್ತಾಳೆ,
ಮೂರನೆಯವಳ ವಿಳಾಸ ಬಿಳಿ ಕಾಗದ.
ತಿಂಗಳ ಕೊನೆಗೆ ನಾವಿಬ್ಬರೂ ಒಂದೇ ಸಾಲಲ್ಲಿ ನಿಂತು
ಒಂದೇ ಫಾರಂ ತುಂಬಿ ಮನೆಗೆ ಹಣ ಕಳಿಸಿದೆವು.
ನಮ್ಮ ಕಡಪ್ಪುರದಲ್ಲಿ ದುಬೈ ದುಡ್ಡಲ್ಲಿ ನಿಂತ ಮನೆ ಎಷ್ಟು,
ಎಣಿಸಲು ಹೊರಟು, ಶಾಲೆ ದಾಟುವ ಮೊದಲೇ ಬಿಟ್ಟೆ.

ಡರ್ಬನ್ನಿನಲ್ಲಿ ಅವನು ಇಳಿದ.
ಅಜ್ಜನ ಕಾಲದ್ದು ಎಂದು ಸುರುಳಿ ಕೈಗಿತ್ತ,
ಸುಳ್ಳಿರಬೇಕು, ನಮ್ಮ ಸ್ಟೋರಿನದೇ ವಾಸನೆ ಇತ್ತು.
ಆ ಪದ ಹೇಳಲಿಲ್ಲ.
ಕೇಳಲು ನನಗೂ ನೆನಪಾಗಲಿಲ್ಲ.

ಅಮ್ಮ ಹೋಗಿ ಒಂಬತ್ತು ವರ್ಷ.
ಮೇ ತಿಂಗಳಲ್ಲಿ ಬಾವಿ ತಳ ಹಿಡಿಯುತ್ತದೆ,
ಐದು ಮಾರು ಸಾಲದು.
ಅವಳು ಹೊಸೆದಿಟ್ಟ ಕತ್ತದ್ದು ಒಂದು ಮಾರು
ತುದಿಗೆ ಕಟ್ಟಿದ್ದೇನೆ.
ಕೊಡ ಇಳಿಯುವಾಗ, ಗಂಟು ಬಂದಲ್ಲಿ
ರಾಟೆ ಒಮ್ಮೆ ಕಿರ್ ಎನ್ನುತ್ತದೆ.