ಹದಿನಾಲ್ಕನೇ ಮೇಜಿನ ಮೊಹರು

ಹೆಬ್ಬೆರಳಿಗೆ ಮೆತ್ತುತ್ತಿದ್ದ ಆ ನೇರಳೆ ಮಸಿ
ಬಟ್ಟೆ ಸೋಪಿಗೇ ಹೋಗುತ್ತಿತ್ತು.
ರಾತ್ರಿ ಅದೇ ಕೈಯಲ್ಲಿ ಅನ್ನ ಕಲಸಬಹುದು.

ತಣ್ಣೀರುಹಳ್ಳದಿಂದ ಆರೂವರೆಯ ಬಸ್ಸು.
ಗೇಟಿನಲ್ಲಿ ಮೊಬೈಲು ಒಪ್ಪಿಸಿ, ತಲೆಗೆ ಬಟ್ಟೆ ಕಟ್ಟಿ
ಹದಿನಾಲ್ಕನೇ ಮೇಜಿಗೆ ನಾನು.
ಹಸಿರು ಕಂದು ಜಾಕೆಟ್ಟುಗಳು ಬರುತ್ತವೆ ಒಂದರ ಹಿಂದೊಂದು;
ಒಳಗೆ ಇನ್ನೂ ಯಾರೂ ಇಲ್ಲ,
ಆದರೂ ತೋಳು ಚಾಚಿಕೊಂಡೇ ಬರುತ್ತವೆ.
ಹೊಲಿಗೆ ಎಣಿಸಬೇಕು: ಇಂಚಿಗೆ ಹನ್ನೊಂದು.
ಶ್ರಾವಣದಲ್ಲಿ ಅದು ಒಂಬತ್ತಾಯಿತು,
ದೀಪಾವಳಿ ಹೊತ್ತಿಗೆ ಏಳು.
ಒಳಪದರವನ್ನು ಚಿವುಟಿದರೆ
ಹೆಬ್ಬೆರಳು ತೋರುಬೆರಳನ್ನು ಗುರುತು ಹಿಡಿಯುವಷ್ಟು ತೆಳು.

ಧರಣೇಂದ್ರ ಸೂಪರ್‌ವೈಸರು ಕೆಟ್ಟವನಲ್ಲ.
"ಟೆಂಡರೇ ತಿದ್ದಿ ಬಂದಿದೆಯಕ್ಕಾ,
ಮೇಲಿನವರೇ ತೂಕ ಇಳಿಸಿದ್ದಾರೆ. ಒತ್ತು."
ಮೇಲಿನವರು ಅಂದಾಗ ಫ್ಯಾನಿನ ಕಡೆ ನೋಡಿದ.
ಫ್ಯಾನು ತಿರುಗುತ್ತಿತ್ತು.

ಒಂದು ತೋಳನ್ನು ಸೆರಗಿನೊಳಗೆ ಸುತ್ತಿ ತಂದೆ.
ಕದ್ದೆ ಎಂದೇ ಬರೆದುಕೊಳ್ಳಿ.
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಮುನ್ನಾಬಿಗೆ
ಐಸಿನ ಪೆಟ್ಟಿಗೆ ತೆಗೆ ಅಂದೆ.
ಬಂಗುಡೆಗಳ ನಡುವೆ ಮೊಳಕೈವರೆಗೆ ಇಳಿಸಿ ಎಣಿಸಿದೆ.
ನಲವತ್ತಕ್ಕೆ ಕಿರುಬೆರಳು ಹೋಯಿತು.
ಎಪ್ಪತ್ತಕ್ಕೆ, ಬಳೆ ಇದೆಯೋ ಇಲ್ಲವೋ ತಿಳಿಯಲಿಲ್ಲ.
ಮುನ್ನಾಬಿ ನನ್ನ ಕೈಯೆಳೆದು ತನ್ನ ಕಂಕುಳಲ್ಲಿ ಒತ್ತಿಕೊಂಡಳು:
"ಇದು ಬರೀ ಹಾಸನದ ಐಸು ಕಣೇ."

ಆ ಭಾನುವಾರವೇ ಕ್ರೀಡಾಂಗಣದಲ್ಲಿ ಸಭೆ.
ಕಂಪನಿಯೇ ಬಸ್ಸು ಮಾಡಿತ್ತು,
ಬಾತಿನ ಪೊಟ್ಟಣದ ಜೊತೆ ಒಂದೊಂದು ಬಾವುಟ.
ಮಂತ್ರಿಗಳು ಗಡಿ ಅಂದರು, ರಕ್ತ ಅಂದರು,
ಹಿಮದಲ್ಲಿ ನಿಂತವನನ್ನು ನೆನೆದು ಕಣ್ಣೊರೆಸಿಕೊಂಡರು,
ನಮ್ಮ ಮಾಲೀಕರು ಆಗಷ್ಟೇ ಹೊದಿಸಿದ ಶಾಲಿನಲ್ಲಿ.
ಒಳ್ಳೆಯ ಶಾಲು. ಒತ್ತು ನೇಯ್ಗೆ, ಅಪ್ಪಟ ಉಣ್ಣೆ,
ಅಷ್ಟು ದೂರದಿಂದಲೂ ನನಗೆ ಗೊತ್ತಾಯಿತು.
ನಾನೂ ಚಪ್ಪಾಳೆ ತಟ್ಟಿದೆ.
ಕಿರುಬೆರಳಿನಲ್ಲಿ ಇನ್ನೂ ಜೋಮು.

ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆಯುತ್ತಾಳೆ.
ಇವರು ಐದು ವರ್ಷಕ್ಕೊಮ್ಮೆ ನಮ್ಮ ಬಾಗಿಲಿಗೆ ಬರುತ್ತಾರೆ.
ಅವಳು ಮುಚ್ಚಿಕೊಂಡ ಮೇಲೂ ಒಳಗೆ ದೀಪ ಉರಿಯುತ್ತದಂತೆ.
ಇವರು ಹೋದ ಮೇಲೆ ಉಳಿಯುವುದು ಗೋಡೆಗಂಟಿದ ಮುಖ;
ಮೊದಲ ಮಳೆಗೆ ಗಲ್ಲ ಬಿಡುತ್ತದೆ,
ನಗು ಮಾತ್ರ ಯಾಕೋ ಕೊನೆಯವರೆಗೂ ಇರುತ್ತದೆ.

ಸೋಮವಾರ ಚೀಟಿ ಬರೆದೆ,
ಮಗಳ ಕಾಪಿ ಪುಸ್ತಕದ ನಾಲ್ಕು ಗೆರೆಯ ಹಾಳೆಯಲ್ಲಿ.
"ಅಣ್ಣಾ, ಇದನ್ನು ನಂಬಬೇಡ.
ಒಳಗೆ ಮನೆಯ ಸ್ವೆಟರು ಹಾಕಿಕೋ. ಎರಡಿದ್ದರೆ ಎರಡೂ.
ಪಾಸು ಮಾಡಿದವಳು ನಾನೇ. ನಂಬರು ೧೪."
ಅವನಿಗೆ ಕನ್ನಡ ಬರುತ್ತದೋ ಇಲ್ಲವೋ.
ಕಟಿಂಗಿನಲ್ಲಿರುವ ಜಾರ್ಖಂಡಿನ ಫೂಲ್ಮನಿ
ಕೆಳಗೆ ಹಿಂದಿಯಲ್ಲಿ ಬರೆದುಕೊಟ್ಟಳು,
ಯಾರಿಗೆ ಅಂತ ಕೇಳಲಿಲ್ಲ.
ಎದೆಯ ಕಡೆಯ ಜೇಬಿಗೆ ತುರುಕಿದೆ. ಹದಿಮೂರು ಚೀಟಿ,
ನಲವತ್ತು ಸಾವಿರ ಜಾಕೆಟ್ಟುಗಳಲ್ಲಿ.

ಮುಂದಿನದು ಧರಣೇಂದ್ರನ ಕೈಗೆ ಸಿಕ್ಕಿತು.
ಎರಡು ಸಲ ಓದಿದ. ಮಡಿಸಿ ತನ್ನ ಜೇಬಿಗಿಟ್ಟ.
ಯಾರಿಗೂ ಹೇಳಲಿಲ್ಲ,
ನನ್ನನ್ನು ಗುಂಡಿ ವಿಭಾಗಕ್ಕೆ ಹಾಕಿದ.
ಗುಂಡಿಗೆ ಮೊಹರಿಲ್ಲ.

ಮೊನ್ನೆ ಓಟು. ನಮ್ಮೂರ ಶಾಲೆ, ಮೂರನೇ ಕೊಠಡಿ.
ಬೆರಳು ಚಾಚಿ ಕೇಳಿದೆ,
ಈ ಮಸಿ ಎಷ್ಟು ದಿನ ಇರುತ್ತೆ ಸ್ವಾಮಿ?
"ಉಗುರು ಬೆಳೆದು ಹೋಗೋವರೆಗೂ."
ಹಾಗಾದರೆ ನಮ್ಮ ಮಾಲಿಗಿಂತ ಗಟ್ಟಿ.
"ಏನಮ್ಮಾ?"
ಏನಿಲ್ಲ.

ರಟ್ಟಿನ ಮರೆಯ ಹಿಂದೆ ಸಾಲಾಗಿ ಗುಂಡಿಗಳು.
ಈಗ ಅದೇ ನನ್ನ ಕಸುಬು:
ಗುಂಡಿ ನಂಬುವ ಮೊದಲು ಹಿಂದಿನ ದಾರ ಎಳೆದು ನೋಡಬೇಕು.
ಮನಸ್ಸಿನಲ್ಲೇ ಎಳೆದೆ.
ಮೇಲಿನದಕ್ಕೂ ಅದರ ಕೆಳಗಿನದಕ್ಕೂ
ಒಂದೇ ಉಂಡೆಯ ದಾರ.

ಹೊರಗೆ ಯಾರೋ ಕೆಮ್ಮಿದರು. ಸಾಲು ಬೆಳೆದಿತ್ತು.
ಬೆರಳು ಎತ್ತಿಕೊಂಡೇ ನಿಂತಿದ್ದೆ,
ಮಸಿ ಇನ್ನೂ ಆರಿರಲಿಲ್ಲ.