ಬ್ರೇಕ್ ಹಾಕಿದ್ದು ಯಾರು

ಹಾರ್ಲಿಂಗನ್‌ನ ಕಾಲುವೆ ಸೇತುವೆಯ ಮೇಲೆ
ಚಾಲಕನಿಲ್ಲದ ಬಸ್ಸು ಗಕ್ಕನೆ ನಿಂತು
ವೀತ್ಸ್ಕೆ ಅಜ್ಜಿಯ ಮಣಿಕಟ್ಟು ಮುರಿಯಿತು.

ಅಡ್ಡ ಬಂದದ್ದು ಏನು?
ದಾಖಲೆಯ ಪ್ರಕಾರ: ವಸ್ತು. ನೂರಕ್ಕೆ ಅರವತ್ತೆರಡು ಖಚಿತ.
ಅಜ್ಜಿಯ ಪ್ರಕಾರ: ಬೂದು ಬಕ. ಆಗಲೇ ಹಾರಿಹೋಗಿತ್ತು.

ನಗರಸಭೆ ಕಂಪನಿಯತ್ತ ಕೈ ತೋರಿಸಿತು,
ಕಂಪನಿ ಕ್ಯಾಮೆರಾದತ್ತ,
ಕ್ಯಾಮೆರಾ, ಪಾಪ, ಅಂದಿನ ಮಂಜಿನತ್ತ.

"ದುಡ್ಡು ಬೇಡ" ಎಂದಳು ವಿಚಾರಣೆಯಲ್ಲಿ,
ಎಡಗೈಯಲ್ಲಿ ಕಾಫಿ ಕದಡುತ್ತ.
"ಮೊದಲು ಶೂರ್ಡ್ ಓಡಿಸ್ತಿದ್ದ.
ಅವನೂ ಒಮ್ಮೆ ಹೀಗೇ ಬೀಳಿಸಿದ್ದ ನನ್ನ,
ಬಾತುಕೋಳಿ ಸಾಲಿಗಾಗಿ.
ಕನ್ನಡಿಯಲ್ಲಿ ನೋಡಿದ. ಎದ್ದು ಬಂದ.
ಕಿವಿಯವರೆಗೂ ಕೆಂಪಾಗಿದ್ದ.

ಆ ಕೆಂಪು
ನಿಮ್ಮಲ್ಲಿ ಯಾರ ಕಿವಿಗೆ ಬರುತ್ತೋ
ಅವರ ಹೆಸರು ಬಸ್ಸಿನ ಮೇಲೆ ಬರೀರಿ.
ಹತ್ತೋ ಮುಂಚೆ ಓದ್ಕೋತೀನಿ."